ಮಣ್ಣಿಗೂ ಪ್ಲಾಸ್ಟಿಕ್ಕಿಗೂ ನಡುವೆ ಒಬ್ಬ ದಲ್ಲಾಳಿ

ವಿಜಯಪುರ, ಗದಗ ಕಡೆಯವರಿಗೆ ಎರೆಮಣ್ಣಿನ ಸಹವಾಸ ಹೇಳಿಕೊಡಬೇಕಿಲ್ಲ. ಮಳೆ ಬಿದ್ದರೆ ಚಪ್ಪಲಿ ಕಿತ್ತುಕೊಳ್ಳೋ ಹಾಗೆ ಅಂಟುತ್ತೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತೆ. ಹೀಗೆ ಉಬ್ಬಿ ಕುಗ್ಗೋದು ಅದರೊಳಗಿನ ಸ್ಮೆಕ್ಟೈಟ್ ಅನ್ನೋ ಜೇಡಿ ಖನಿಜದ ಗುಣ. ಅದೇ ಕುಟುಂಬದ ಮಾಂಟ್‌ಮೊರಿಲೊನೈಟ್ ಅನ್ನೋದನ್ನ ಜಪಾನಿನ ಟೊಯೋಟಾದವರು ನೈಲಾನಿಗೆ ಸೇರಿಸಿ, 1990ರ ದಶಕದ ಆರಂಭದಲ್ಲಿ ಕಾರಿನ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ ಕವರ್ ಮಾಡಿದರು. ಮಣ್ಣು, ಪ್ಲಾಸ್ಟಿಕ್ ಎರಡನ್ನೂ ಕೂಡಿಸಿದ ಮೂರನೆಯವನೊಬ್ಬ ಇದ್ದಾನೆ. ಹೆಸರು ಸರ್ಫ್ಯಾಕ್ಟಂಟ್. ಇವತ್ತು ಅವನದೇ ಮಾತು.

ಈ ಮಣ್ಣು ಪದರು ಪದರಾಗಿರುತ್ತೆ, ಥೇಟ್ ಚಿರೋಟಿ ಥರ. ಒಂದೊಂದು ಪದರದ ದಪ್ಪ ಸುಮಾರು 1 ನ್ಯಾನೋಮೀಟರ್. ಒಂದೇ ಗ್ರಾಂ ಮಣ್ಣಿನ ಪದರಗಳನ್ನೆಲ್ಲ ಬಿಡಿಸಿ ಹಾಸಿದರೆ 700 ಚದರ ಮೀಟರಿಗೂ ಹೆಚ್ಚು. ಅಂದ್ರೆ ಎಂಟು ಬ್ಯಾಡ್ಮಿಂಟನ್ ಕೋರ್ಟ್! ಅಷ್ಟು ಜಾಗವೂ ಪ್ಲಾಸ್ಟಿಕ್ಕಿಗೆ ಸಿಕ್ಕರೆ ಸ್ವಲ್ಪ ಮಣ್ಣೇ ಸಾಕು. ಆದರೆ ಪದರಗಳ ಮೇಲೆ ಋಣ ವಿದ್ಯುದಂಶ, ನಡುವೆ ಸೋಡಿಯಂ. ನೀರು ಕಂಡರೆ ಪ್ರೀತಿ, ಪ್ಲಾಸ್ಟಿಕ್ ಕಂಡರೆ ಆಗಲ್ಲ. ಸುಮ್ಮನೆ ಬೆರೆಸಿದರೆ ಗಂಟುಗಂಟಾಗಿ ಉಳಿಯುತ್ತೆ.

ಇಲ್ಲಿ ದಲ್ಲಾಳಿ ಬರ್ತಾನೆ. ಅವನಿಗೆ ಧನ ವಿದ್ಯುದಂಶದ ಅಮೋನಿಯಂ ತಲೆ, ಎಣ್ಣೆಯಂಥ ಉದ್ದ ಬಾಲ. ಮನೆಯಲ್ಲಿ ಹೇರ್ ಕಂಡಿಷನರ್ ಬಾಟಲಿ ಇದ್ದರೆ ಹಿಂದೆ ಓದಿ, ಸೆಟ್ರಿಮೋನಿಯಂ ಕ್ಲೋರೈಡ್ ಅಂತ ಇರಬಹುದು. ಅದೂ ಇದೇ ಜಾತಿ. ನೀರಲ್ಲಿ ಕದಡಿದ ಮಣ್ಣಿಗೆ ಇದನ್ನ ಹಾಕಿದರೆ ತಲೆಗಳು ಸೋಡಿಯಂ ಅನ್ನ ಎಬ್ಬಿಸಿ ಆ ಜಾಗದಲ್ಲಿ ಕೂರ್ತವೆ, ಬಾಲಗಳು ಪದರಗಳನ್ನ ದೂರ ತಳ್ತವೆ. ಕಡಿಮೆ ಇದ್ದಾಗ ಬಾಲಗಳು ಚಾಪೆ ಹಾಸಿದ ಹಾಗೆ ಮಲಗಿರ್ತವೆ. ಹೆಚ್ಚಾದಂತೆ ಒಂದರ ಮೇಲೊಂದು, ಇನ್ನೂ ಹೆಚ್ಚಾದರೆ ಓರೆಯಾಗಿ ಎದ್ದು ನಿಲ್ತವೆ. ಪಾಠದ ಚಿತ್ರಗಳಲ್ಲಿ ಇವು ಪೊಲೀಸ್ ಕವಾಯತಿನ ಥರ ಸಾಲಾಗಿರುತ್ತವೆ. 1994ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಇನ್‌ಫ್ರಾರೆಡ್ ಬೆಳಕಿನಲ್ಲಿ ಪರೀಕ್ಷಿಸಿದಾಗ ಎಷ್ಟೋ ಸಲ ಅವು ದ್ರವದ ಹಾಗೆ ಅಸ್ತವ್ಯಸ್ತವಾಗಿರೋದು ಕಂಡಿತು.

ಹಾಗಾದ್ರೆ ಜಾಸ್ತಿ ಸುರಿದರೆ ಒಳ್ಳೇದಲ್ವಾ? ಅಲ್ಲೇ ಎಡವೋದು. ಪದರದ ಮೇಲೆ ತಲೆಗಳಿಗೆ ಇರೋ ಕುರ್ಚಿಗಳು ಲೆಕ್ಕದಲ್ಲಿವೆ. ಅವು ತುಂಬಿದ ಮೇಲೆ ಬಂದವರು ಬಸ್ಸಿನ ಬಾಗಿಲಲ್ಲಿ ನೇತಾಡೋರ ಹಾಗೆ, ಬಾಲ ಹಿಡಿದು ನೇತಾಡ್ತಾರೆ. ಬಿಸಿ ತಾಗಿದ್ದೇ ಕಳಚಿಕೊಳ್ತಾರೆ, ಪ್ಲಾಸ್ಟಿಕ್ ಮೆತ್ತಗಾಗುತ್ತೆ.

ಕುರ್ಚಿ ಸಿಕ್ಕವರೂ ಪೂರ್ತಿ ಸೇಫ್ ಅಲ್ಲ. ಅಮೋನಿಯಂ ತಲೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಹೊತ್ತಿಗೇ ಒಡೆಯೋಕೆ ಶುರು. ನೈಲಾನ್-6 ಕರಗೋದೇ 220ರ ಆಸುಪಾಸು. ಮದುವೆ ಮಂಟಪದಲ್ಲೇ ದಲ್ಲಾಳಿ ಪರಾರಿ! ಬಿಡಿಸಿಟ್ಟ ಪದರಗಳು ಮತ್ತೆ ಹತ್ತಿರ ಬಂದುಬಿಡಬಹುದು.

ಟೊಯೋಟಾದವರ ಜಾಣತನ ನನಗೆ ಇಷ್ಟವಾಗೋದು ಇಲ್ಲೇ. ಅವರು 12 ಇಂಗಾಲದ ಅಮೈನೋ ಆಮ್ಲವೊಂದನ್ನ ಆರಿಸಿಕೊಂಡರು. ಒಂದು ತುದಿ ಮಣ್ಣನ್ನ ಹಿಡಿಯುತ್ತೆ. ನೈಲಾನಿನ ಕಚ್ಚಾವಸ್ತು ಕ್ಯಾಪ್ರೊಲ್ಯಾಕ್ಟಮ್ ಅನ್ನ ಪದರಗಳ ನಡುವೆಯೇ ಬಿಟ್ಟು ಬಿಸಿ ಮಾಡಿದಾಗ, ಇನ್ನೊಂದು ತುದಿಯಿಂದ ನೈಲಾನ್ ಸರಪಳಿ ಬೆಳೆಯುತ್ತೆ. ದಲ್ಲಾಳಿ ಬೀಗನೇ ಆಗಿಬಿಟ್ಟ. ಶೇ. 5ರಷ್ಟು ಮಣ್ಣಿಗೇ, ಭಾರ ಹೊತ್ತ ನೈಲಾನ್ ಬಾಗುವ ತಾಪಮಾನ 65 ಡಿಗ್ರಿಯಿಂದ 152ಕ್ಕೆ ಏರಿತು.

ಎಲ್ಲ ಪ್ಲಾಸ್ಟಿಕ್ಕೂ ಹೀಗೆ ಒಲಿಯಲ್ಲ. ಬಕೆಟ್ಟಿನ ಪಾಲಿಪ್ರೊಪಿಲೀನ್ ಎಷ್ಟು ಎಣ್ಣೆಸ್ವಭಾವದ್ದು ಅಂದ್ರೆ, ಸಾಮಾನ್ಯವಾಗಿ ಅಲ್ಲಿ ಇನ್ನೊಬ್ಬ ದಲ್ಲಾಳಿಯೂ ಬೇಕು: ಮ್ಯಾಲಿಕ್ ಅನ್‌ಹೈಡ್ರೈಡ್ ಕಸಿ ಮಾಡಿದ ಅದೇ ಪ್ಲಾಸ್ಟಿಕ್. ಅಮೋನಿಯಂ ಬದಲು ಫಾಸ್ಫೋನಿಯಂ ತಲೆಯವು ಬಿಸಿಯನ್ನ ಹೆಚ್ಚು ತಡೀತವೆ, ಆದರೆ ದುಬಾರಿ. ಅಮೋನಿಯಂ ಇಟ್ಟುಕೊಂಡೇ ಬೆರೆಸುವಾಗ ಶಾಖ ಹೆಚ್ಚಾಯ್ತಾ ಅನ್ನೋದಕ್ಕೆ ಒಂದು ಸುಳಿವು, ಯಂತ್ರದಿಂದ ಹೊರಬರೋ ಪ್ಲಾಸ್ಟಿಕ್ಕಿನ ಬಣ್ಣ. ಅದು ಹಳದಿ ದಾಟಿ ಕಂದು ಬಣ್ಣಕ್ಕೆ ತಿರುಗ್ತಾ ಇದ್ದರೆ, ಒಳಗೆ ದಲ್ಲಾಳಿ ಸುಡ್ತಾ ಇದ್ದಾನೆ ಅಂತಲೇ ಅನುಮಾನ ಪಡಬೇಕು.