ನೀರಿನ ದಂಡೆಯಿಂದ ನೂರು ಹೆಜ್ಜೆ ಮೇಲಕ್ಕೆ

ಯರಗೇರಾದಿಂದ ಮಂತ್ರಾಲಯದ ರಸ್ತೆ ಹಿಡಿದರೆ ಒಂದು ತಾಸಿನೊಳಗೆ ತುಂಗಭದ್ರೆಯ ದಂಡೆಗೆ ಬರಬಹುದು. ಬೇಸಿಗೆಯ ಸಂಜೆ ಅಲ್ಲಿ ಹೊಳೆ ಸಣ್ಣಗೆ ಹರಿಯುತ್ತಿರುತ್ತದೆ, ಎರಡೂ ಬದಿಗೆ ಮೆತ್ತನೆಯ ಮರಳು ಹಾಸಿರುತ್ತದೆ. ರಾತ್ರಿ ವಸ್ತಿ ಮಾಡಬೇಕೆಂದು ಬಂದವರ ಕಣ್ಣು ಮೊದಲು ಬೀಳುವುದು ಆ ಮರಳಿನ ಮೇಲೆ. ನೆಲ ಸಮತಟ್ಟು, ಕಲ್ಲಿಲ್ಲ, ಮುಳ್ಳಿಲ್ಲ, ಕೈಗೆಟುಕುವಷ್ಟು ಹತ್ತಿರದಲ್ಲಿ ನೀರು. ಟೆಂಟು ಈಗ ಮನೆ ಬಾಗಿಲಿಗೇ ತರಿಸಿಕೊಳ್ಳಬಹುದಾದ ಸಾಮಾನು. ಆದರೆ ಅದನ್ನು ಎಲ್ಲಿ ಹಾಕಬೇಕು ಎಂಬ ತಿಳಿವಳಿಕೆ ಡಬ್ಬಿಯೊಳಗೆ ಬರುವುದಿಲ್ಲ. ಬಯಲಲ್ಲಿ ಮಲಗುವವರು ಮೊದಲು ಬಿಡಬೇಕಾದದ್ದು ಆ ಮರಳನ್ನೇ.

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಕಟ್ಟೆಯ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ಸುಮಾರು ಒಂದು ಲಕ್ಷ ಕ್ಯುಸೆಕ್ ನೀರನ್ನು ಹೊಳೆಗೆ ಬಿಟ್ಟರು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ 28 ಲೀಟರಿಗಿಂತ ಸ್ವಲ್ಪ ಹೆಚ್ಚು. ಒಂದು ಲಕ್ಷ ಕ್ಯುಸೆಕ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಇಂಥ ನೀರು ಕೆಳಗಿನ ಊರಿಗೆ ಬಂದು ಮುಟ್ಟುವಾಗ ಅಲ್ಲಿ ಮೋಡ ಇರಬೇಕೆಂದೇನೂ ಇಲ್ಲ. ಆಕಾಶದ ತುಂಬ ಚುಕ್ಕಿ ಇರುವಾಗಲೇ ಹೊಳೆ ಏರಬಹುದು. ಕೃಷ್ಣೆಯ ಕಥೆಯೂ ಇದೇ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆಯಾದರೆ ನಾರಾಯಣಪುರ ಜಲಾಶಯದಿಂದ ನೀರು ಬಿಡುತ್ತಾರೆ. ದೇವದುರ್ಗದ ಹೂವಿನಹೆಡಗಿ ಸೇತುವೆ ಮುಳುಗುತ್ತದೆ, ಲಿಂಗಸುಗೂರಿನ ನಡುಗಡ್ಡೆಗಳ ಜನರಿಗೆ ದಾರಿ ಕಡಿಯುತ್ತದೆ. ಅದೇ ಹೊತ್ತಿಗೆ ದೇವದುರ್ಗದ ಎರೆ ಹೊಲಗಳಲ್ಲಿ ರೈತರು ಒಂದು ಹದ ಮಳೆಗೆ ಕಾಯುತ್ತಿರಬಹುದು.

ಸಣ್ಣ ಹಳ್ಳಗಳನ್ನು ಇನ್ನೂ ನಂಬುವ ಹಾಗಿಲ್ಲ. ದೊಡ್ಡ ಹೊಳೆಗೆ ನೀರು ಬಿಡುವ ಮೊದಲು ದಂಡೆಯ ಊರುಗಳಲ್ಲಿ ಡಂಗುರ ಹೊಡೆಸಿಯೋ ಮೈಕಿನಲ್ಲೋ ಎಚ್ಚರಿಸುತ್ತಾರೆ. ಹಳ್ಳಕ್ಕೆ ಅಂಥ ಏರ್ಪಾಡು ಯಾವುದೂ ಇಲ್ಲ. ಆದರೆ ಹಳ್ಳ ತಾನು ಎಲ್ಲಿಯವರೆಗೆ ಏರಿತ್ತು ಎಂಬುದನ್ನು ಗುರುತು ಮಾಡಿಟ್ಟು ಹೋಗಿರುತ್ತದೆ. ದಂಡೆಯ ಜಾಲಿ ಗಿಡಗಳನ್ನು ಹತ್ತಿರ ಹೋಗಿ ನೋಡಿ. ಮುಳ್ಳಿಗೆ ಸಿಕ್ಕಿಬಿದ್ದ ಒಣ ಹುಲ್ಲು, ಸೊಪ್ಪೆಯ ತುಂಡು, ಹರಿದ ಗೊಬ್ಬರದ ಚೀಲ, ಗುಟ್ಕಾ ಪಾಕೀಟು, ಎಲ್ಲವೂ ನೀರು ಹರಿಯುವ ದಿಕ್ಕಿಗೆ ಬಾಗಿ ಒಂದೇ ಎತ್ತರದಲ್ಲಿ ಜೋತುಬಿದ್ದಿರುತ್ತವೆ. ಕೆಲವು ಕಡೆ ಆ ಗೆರೆ ಮೊಣಕಾಲಿನ ಮಟ್ಟಕ್ಕಿದ್ದರೆ ಕೆಲವು ಕಡೆ ತಲೆಯ ಮೇಲಿರುತ್ತದೆ. ಅದು ಕಳೆದ ಮಳೆಗಾಲದ ಪ್ರವಾಹದ ಮಟ್ಟ. ಟೆಂಟಿನ ನೆಲ ಅದಕ್ಕಿಂತ ಚೆನ್ನಾಗಿ ಮೇಲಿರಬೇಕು.

ಕೃಷ್ಣೆಯ ದಂಡೆಯಲ್ಲಿ ಇನ್ನೊಂದು ಕಾರಣವೂ ಇದೆ, ಮೊಸಳೆ. ಇಲ್ಲಿರುವುದು ಸಿಹಿನೀರಿನ ಮಗ್ಗರ್ ಜಾತಿ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಅವು ಆಳದ ಮಡುಗಳಿಗೆ ಸೇರಿಕೊಳ್ಳುತ್ತವೆ. ಫೆಬ್ರುವರಿಯಿಂದ ಏಪ್ರಿಲ್ ನಡುವೆ ತಾಯಿ ಮೊಸಳೆ ದಂಡೆಯ ಮರಳನ್ನೇ ತೋಡಿ ಮೊಟ್ಟೆ ಇಟ್ಟು ಹತ್ತಿರದಲ್ಲೇ ಕಾವಲಿರುತ್ತದೆ. ನಮಗೆ ಹಾಸಿಗೆಯಂತೆ ಕಾಣುವ ಮರಳು ಅದರ ಬಾಣಂತಿ ಕೋಣೆ. ಸಂಜೆಯಾದ ಮೇಲೆ ಪಾತ್ರೆ ತೊಳೆಯಲೆಂದು ಮಡುವಿನ ಅಂಚಿಗೆ ಇಳಿಯುವುದು ಜೀವಕ್ಕೇ ಅಪಾಯ. ರಾತ್ರಿಗೆ ಬೇಕಾಗುವ ನೀರನ್ನು ಬೆಳಕಿರುವಾಗಲೇ ತುಂಬಿಟ್ಟುಕೊಳ್ಳಬೇಕು.

ಹೊಳೆ ಬೇಡವೆಂದು ಕೆರೆಯ ದಂಡೆಗೆ ಹೋದರೆ ಪ್ರವಾಹದ ಭಯ ಕಡಿಮೆಯಾಗುತ್ತದೆ. ಅಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಗಾಳಿಯನ್ನು. ಕೆರೆ ಕಟ್ಟುವುದು ಸುತ್ತಲಿನ ಸೀಮೆಯಲ್ಲೇ ತಗ್ಗಾದ ಜಾಗದಲ್ಲಿ. ಮೋಡವಿಲ್ಲದ ಚಳಿಗಾಲದ ರಾತ್ರಿ ನೆಲ ತನ್ನ ಶಾಖವನ್ನು ಅವರಕ್ತ ಕಿರಣಗಳಾಗಿ ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ಅದರೊಡನೆ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಬೆಚ್ಚನೆಯದಕ್ಕಿಂತ ಭಾರ. ಹಾಗಾಗಿ ಅದು ಇಳಿಜಾರು ಹಿಡಿದು, ಮಳೆನೀರು ಹರಿಯುವ ದಾರಿಯಲ್ಲೇ ಹರಿದು, ತಗ್ಗಿನಲ್ಲಿ ಬಂದು ನಿಲ್ಲುತ್ತದೆ. ದಿನ್ನೆಗೂ ಅದರ ಬುಡದ ತಗ್ಗಿಗೂ ಬೆಳಗಿನ ಜಾವ ನಾಲ್ಕೈದು ಡಿಗ್ರಿ ವ್ಯತ್ಯಾಸ ಕಾಣುವುದುಂಟು. ತೇವವೂ ಅಲ್ಲೇ ಹೆಚ್ಚು. ಇಬ್ಬನಿ ಬಿದ್ದು ಟೆಂಟಿನ ಬಟ್ಟೆ ತೊಟ್ಟಿಕ್ಕುತ್ತದೆ, ಹೊದಿಕೆ ಒದ್ದೆಯಾಗುತ್ತದೆ. ಹತ್ತಾರು ಅಡಿ ಮೇಲಕ್ಕೆ ಹೋಗಿ ಮಲಗಿದವರು ಒಣಗಿದ ಕಂಬಳಿ ಮಡಚಿಟ್ಟು ಏಳುತ್ತಾರೆ.

ಕುರಿಗಾಹಿಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸುಗ್ಗಿ ಮುಗಿದ ಮೇಲೆ ಕುರಿ ಹಿಂಡು ಹೊಡೆದುಕೊಂಡು ಕೃಷ್ಣೆ, ತುಂಗಭದ್ರೆಯ ನಡುವಿನ ದೋಅಬ್ ಸೀಮೆಯ ಉದ್ದಗಲ ತಿರುಗುವ ಕುರುಬರು ಹಗಲು ಕೆರೆಯಲ್ಲಿ ನೀರು ಕುಡಿಸಿದರೂ ರಾತ್ರಿ ಹಟ್ಟಿ ಹಾಕುವುದು ನೀರು ನಿಲ್ಲದ, ಗಾಳಿಯಾಡುವ ಹೊಲದಲ್ಲಿ. ಒದ್ದೆ ನೆಲದಲ್ಲಿ ನಿಂತ ಕುರಿಗೆ ಗೊರಸು ಕೊಳೆಯುತ್ತದೆ, ಮರಿಗೆ ಶೀತ ಹಿಡಿಯುತ್ತದೆ. ಹಟ್ಟಿ ಹಾಕಿದ್ದರಿಂದ ಹೊಲದ ಯಜಮಾನನಿಗೂ ಹಿಕ್ಕೆಯ ಗೊಬ್ಬರ ಸಿಗುತ್ತದೆ.

ಈ ಸೀಮೆಯಲ್ಲಿ ಬಯಲ ವಸ್ತಿಗೆ ಎಷ್ಟು ವಯಸ್ಸಾಗಿದೆ ಎಂಬುದಕ್ಕೆ ಬೂದಿದಿಬ್ಬಗಳೇ ಸಾಕ್ಷಿ. ಬಳ್ಳಾರಿಯ ಕುಡತಿನಿಯ ದಿಬ್ಬವನ್ನು ಹಲವರು ನೋಡಿರುತ್ತಾರೆ. ಅದು ಜ್ವಾಲಾಮುಖಿಯ ಬೂದಿಯೋ, ರಾಕ್ಷಸರ ಚಿತಾಭಸ್ಮವೋ ಎಂಬ ಚರ್ಚೆ ಬಹಳ ಕಾಲ ನಡೆಯಿತು. ಪುರಾತತ್ವಜ್ಞ ರೇಮಂಡ್ ಆಲ್ಚಿನ್ 1957ರಲ್ಲಿ ಕೃಷ್ಣೆಯ ಆಚೆ ದಡದ ಉಟ್ನೂರಿನಲ್ಲಿ ಅಗೆದಾಗ ಬೂದಿಯ ಪದರಗಳ ನಡುವೆ ಮರದ ಗೂಟಗಳ ಬೇಲಿಯ ಗುರುತು ಸಿಕ್ಕಿತು. ಜತೆಗೆ ದನಗಳ ಗೊರಸಿನ ಅಚ್ಚೂ ಸಿಕ್ಕಿತು. ಸುಮಾರು ನಾಲ್ಕೂವರೆ ಸಾವಿರ ವರ್ಷಗಳ ಹಿಂದೆ ಯಾವುದೋ ಆಕಳು ಕಾಲಿಟ್ಟ ಜಾಗ ಹಾಗೇ ಉಳಿದಿತ್ತು! ನವಶಿಲಾಯುಗದ ದನಗಾಹಿಗಳು ದನಗಳನ್ನು ಕೂಡಿಹಾಕುತ್ತಿದ್ದ ದೊಡ್ಡಿಗಳವು. ರಾಶಿಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಇಟ್ಟದ್ದರಿಂದ ದಿಬ್ಬ ಬೆಳೆಯಿತು. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರು ನಡೆಸಿದ ಉತ್ಖನನದಲ್ಲಿ ದೊಡ್ಡಿಯ ಪಕ್ಕದಲ್ಲೇ ಜನ ಬದುಕಿದ ಕುರುಹುಗಳೂ ದೊರೆತವು. ಇಲ್ಲಿ ನನ್ನ ಮನಸ್ಸು ನಿಲ್ಲುವುದು ಪದರಗಳ ಮೇಲೆ. ಒಂದರ ಮೇಲೊಂದು ಅಷ್ಟು ಪದರ ಬೆಳೆಯಬೇಕಾದರೆ ತಲೆಮಾರುಗಳ ಕಾಲ ಜನ ಅದೇ ಜಾಗಕ್ಕೆ ಮರಳಿ ಬಂದಿರಬೇಕು. ಒಳ್ಳೆಯ ನೆಲವೆಂದು ಒಮ್ಮೆ ಗೊತ್ತಾದದ್ದನ್ನು ಅವರು ಬಿಟ್ಟುಕೊಟ್ಟಿಲ್ಲ.

ಮಣ್ಣಿನ ಮಾತಿಗೆ ಬರೋಣ. ರಾಯಚೂರು ಸೀಮೆಯಲ್ಲಿ ಕಪ್ಪು ಎರೆಯೂ ಇದೆ, ಕೆಂಪು ಮಸಾರಿಯೂ ಇದೆ. ಕೆಲವು ಕಡೆ ಒಂದು ಹೊಲದ ಬದು ದಾಟಿದರೆ ಮಣ್ಣಿನ ಬಣ್ಣವೇ ಬದಲಾಗುತ್ತದೆ. ಗುರುತಿಸಲು ಒಂದು ಹಿಡಿ ಮಣ್ಣಿಗೆ ನೀರು ಚಿಮುಕಿಸಿ ಅಂಗೈಯಲ್ಲಿ ಹೊಸೆಯಿರಿ. ಬತ್ತಿಯಂತೆ ಉದ್ದಕ್ಕೆ ಬಂದರೆ ಎರೆ, ಪುಡಿಪುಡಿಯಾಗಿ ಉದುರಿದರೆ ಮಸಾರಿ ಇಲ್ಲವೇ ಗರಸು. ಎರೆ ಮಣ್ಣಿನ ಜೇಡಿಯ ಪದರಗಳು ನೀರನ್ನು ಒಳಗೆಳೆದುಕೊಂಡು ಉಬ್ಬುತ್ತವೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತವೆ. ಒಂದು ಜೋರು ಮಳೆ ಬಂದರೆ ಟೆಂಟಿನ ಗೂಟ ಸಡಿಲಾಗುತ್ತದೆ, ಚಪ್ಪಲಿ ಹೂತುಕೊಳ್ಳುತ್ತದೆ, ಬೈಕಿನ ಗಾಲಿ ಮಡ್‌ಗಾರ್ಡಿಗೆ ಅಂಟಿ ತಿರುಗದಂತಾಗುತ್ತದೆ. ಬೇಸಿಗೆಯಲ್ಲಿ ಆ ಬಿರುಕುಗಳೇ ಇಲಿ, ಚೇಳು, ಹಾವುಗಳ ಮನೆ. ಗರಸು ನೆಲ ಮೈಗೆ ಸ್ವಲ್ಪ ಚುಚ್ಚಿದರೂ ನೀರನ್ನು ಕೂಡಲೇ ಇಂಗಿಸಿಕೊಳ್ಳುತ್ತದೆ. ಚುಚ್ಚುವುದಕ್ಕೆ ಒಂದು ಜಮಖಾನೆ ಸಾಕು.

ಹಾವಿನ ವಿಷಯದಲ್ಲಿ ನೆಲದ ಮೇಲೆ ಮಲಗುವವರು ತಿಳಿದಿರಲೇಬೇಕಾದದ್ದು ಕಟ್ಟುಹಾವು. ಹಗಲಲ್ಲಿ ಸುಮ್ಮನಿರುವ ಇದು ರಾತ್ರಿ ಓಡಾಡುತ್ತದೆ, ಮಲಗಿದವರ ಹಾಸಿಗೆಗೂ ಬರುತ್ತದೆ. ಕಚ್ಚಿದ ಗಾಯದಲ್ಲಿ ಹೆಚ್ಚು ಉರಿ, ಬಾವು ಇರುವುದಿಲ್ಲ. ಆದ್ದರಿಂದ ಸೊಳ್ಳೆಯೋ ಇರುವೆಯೋ ಎಂದುಕೊಂಡು ಮತ್ತೆ ನಿದ್ದೆ ಹೋಗುವವರಿದ್ದಾರೆ. ವಿಷ ನರಗಳ ಮೇಲೆ ಕೆಲಸ ಮಾಡುತ್ತದೆ. ರೆಪ್ಪೆ ತಾನಾಗಿ ಇಳಿಯುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು ಅದರ ಲಕ್ಷಣ. ಆಗ ಮಂತ್ರ, ಬೇರು, ಬಿಗಿ ಕಟ್ಟು ಎಂದು ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ತಡೆಯುವ ಉಪಾಯ ಬಹಳ ಅಗ್ಗದ್ದು. ನೇಪಾಳದ ಆಗ್ನೇಯ ಭಾಗದ ಹಳ್ಳಿಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಸೊಳ್ಳೆಪರದೆಯೊಳಗೆ ಮಲಗುವವರಿಗೆ ಹಾವು ಕಡಿತದ ಅಪಾಯ ಸ್ಪಷ್ಟವಾಗಿ ಕಡಿಮೆ ಎಂದು ತೋರಿಸಿತು. ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿರಬೇಕು. ಟೆಂಟಿನ ಜಿಪ್ಪನ್ನು ತುದಿಯವರೆಗೆ ಎಳೆಯುವುದೂ ಇದೇ ಕೆಲಸ ಮಾಡುತ್ತದೆ. ಗಾಳಿಗೆಂದು ಒಂದು ಗೇಣು ತೆರೆದಿಟ್ಟರೆ ಪರದೆ ಇದ್ದೂ ಇಲ್ಲದಂತೆ.

ಪರದೆ ಸೊಳ್ಳೆಗೂ ಬೇಕೇ ಬೇಕು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು, ಮಾನ್ವಿ ಕಡೆ ಭತ್ತದ ಗದ್ದೆಗಳಾದವು. ನಿಂತ ನೀರು ಹೆಚ್ಚಿತು. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಕಚ್ಚುವುದು ರಾತ್ರಿಯೇ, ಅದು ಹುಟ್ಟುವುದು ಇಂಥ ಗದ್ದೆ, ಕಾಲುವೆಯ ಅಂಚುಗಳಲ್ಲಿ. ಸೊಳ್ಳೆ ದೂರ ಹಾರಬಲ್ಲದು, ಆದರೆ ಜೋರು ಗಾಳಿಗೆ ಎದುರು ಹಾರಲಾರದು. ದಿನ್ನೆಯ ಮೇಲಿನ ಗಾಳಿ ಇಲ್ಲಿಯೂ ನಮ್ಮ ಪರವೇ. ಕೆರೆ ಏರಿಯ ಹಿಂಬದಿ ಬಸಿನೀರು ನಿಲ್ಲುವುದರಿಂದ ಆ ಜಾಗ ಎಷ್ಟೇ ಹಸಿರಾಗಿ ಕಂಡರೂ ಬೇಡ.

ಮರದ ಕೆಳಗೋ ಬಯಲಲ್ಲೋ ಎಂಬುದಕ್ಕೆ ಉತ್ತರ ಕಾಲವನ್ನು ನೋಡಿ ಹೇಳಬೇಕು. ಹುಣಸೆಮರದ ಕೆಳಗೆ ರಾತ್ರಿ ಮಲಗಬಾರದು, ಅದು ಕೆಟ್ಟ ಗಾಳಿ ಬಿಡುತ್ತದೆ ಎನ್ನುವ ಮಾತಿದೆ. ಮರ ರಾತ್ರಿ ಇಂಗಾಲದ ಡೈಆಕ್ಸೈಡ್ ಬಿಡುವುದು ನಿಜ. ಆದರೆ ತೆರೆದ ಬಯಲಿನಲ್ಲಿ ಅದು ಕೂಡಲೇ ಚದುರಿಹೋಗುತ್ತದೆ, ಯಾರ ಉಸಿರಿಗೂ ತೊಂದರೆಯಾಗುವಷ್ಟು ಇರುವುದಿಲ್ಲ. ನಡೆಯುವುದು ಬೇರೆಯೇ. ಎಲೆಯ ಚಪ್ಪರ ನಮ್ಮ ಮೈಗೂ ಆಕಾಶಕ್ಕೂ ಅಡ್ಡ ಬರುತ್ತದೆ. ಮೈಯ ಶಾಖ ಮೇಲೆ ಹೋಗದೆ ಎಲೆಗಳಿಂದ ತಿರುಗಿ ಬರುತ್ತದೆ. ಡಿಸೆಂಬರಿನಲ್ಲಿ ಇದು ವರ. ಪಾದರಸ 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ಇದೇ ಸೆಕೆ. ಬೇಸಿಗೆಯಲ್ಲಿ ನಮ್ಮ ಹಳ್ಳಿಗಳ ಜನ ಮಾಳಿಗೆ ಏರಿ ಆಕಾಶಕ್ಕೆ ಮುಖ ಮಾಡಿ ಮಲಗುವುದರ ಹಿಂದೆ ಇರುವುದೂ ಇದೇ ವಿಕಿರಣದ ಲೆಕ್ಕ. ಬಂಡೆಗಳ ವಿಷಯವೂ ಹಾಗೆಯೇ. ಪಡುವಣ ಬಿಸಿಲು ಕುಡಿದ ಕಣಶಿಲೆ ರಾತ್ರಿ ಬಹಳ ಹೊತ್ತಿನವರೆಗೆ ಕಾವು ಬಿಡುತ್ತಿರುತ್ತದೆ. ಚಳಿಗೆ ಅದರ ಪಕ್ಕ ಒಳ್ಳೆಯದು, ಬೇಸಿಗೆಗೆ ದೂರವೇ ಒಳ್ಳೆಯದು. ಮೂಡಣ ದಿಕ್ಕಿಗೆ ಒಂದು ಬಂಡೆಯೋ ಮರವೋ ಇದ್ದರೆ ಮಾತ್ರ ಯಾವ ಕಾಲದಲ್ಲೂ ಬೆಳಗಿನ ನೆರಳು ಸಿಗುತ್ತದೆ.

ಒಂಟಿ ಮರವೆಂದರೆ ಸಿಡಿಲಿನ ಮಾತೂ ಬರುತ್ತದೆ. ಮುಂಗಾರಿಗೆ ಮೊದಲಿನ ಗುಡುಗು ಮಳೆಯಲ್ಲಿ ಮರದಡಿ ನಿಂತ ಕುರಿಗಳು ಒಟ್ಟೊಟ್ಟಿಗೆ ಸಾಯುವುದಕ್ಕೆ ಕಾರಣ, ಮರಕ್ಕೆ ಬಡಿದ ವಿದ್ಯುತ್ತು ನೆಲದಲ್ಲಿ ಹರಡುವುದು. ಮುಂಗಾಲಿಗೂ ಹಿಂಗಾಲಿಗೂ ನಡುವಿನ ವೋಲ್ಟೇಜ್ ವ್ಯತ್ಯಾಸದಿಂದ ವಿದ್ಯುತ್ತು ಪ್ರಾಣಿಯ ಎದೆಯ ಮೂಲಕವೇ ಹಾದುಹೋಗುತ್ತದೆ. ದಿನ್ನೆ ಒಳ್ಳೆಯದು ಎಂದೆನಲ್ಲ, ಗುಡುಗುವ ದಿನ ದಿನ್ನೆಯ ನೆತ್ತಿ ಮಾತ್ರ ಬೇಡ. ನೆತ್ತಿಗೂ ತಗ್ಗಿಗೂ ನಡುವಿನ ಇಳಿಜಾರಿನಲ್ಲಿ ಟೆಂಟು ಇರಲಿ. ಮಿಂಚು ಕಂಡ ಮೇಲೆ ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ ಎಂದರ್ಥ. ಟೆಂಟಿನ ಬಟ್ಟೆ ಆಗ ಯಾವ ಆಸರೆಯನ್ನೂ ಕೊಡುವುದಿಲ್ಲ. ಕಾರು, ಜೀಪಿನಂಥ ಲೋಹದ ಮುಚ್ಚಿಗೆಯ ವಾಹನದೊಳಗೆ ಗಾಜು ಏರಿಸಿ ಕೂತುಕೊಳ್ಳುವುದು, ಕೊನೆಯ ಗುಡುಗು ಕೇಳಿ ಅರ್ಧ ತಾಸಾದ ಮೇಲೆ ಇಳಿಯುವುದು ಸರಿ.

ಇನ್ನು ಕಾಡಿನ ವಸ್ತಿ. ರಾಯಚೂರಿನಲ್ಲಿ ದಟ್ಟ ಕಾಡಿಲ್ಲ. ಆದರೂ ನಮ್ಮ ಜನರಿಗೆ ಕಾಡಿನಲ್ಲಿ ತಂಗುವ ಅಭ್ಯಾಸ ಇದೆ. ಯುಗಾದಿಗೆ ಮೊದಲು ಉತ್ತರ ಕರ್ನಾಟಕದ ಊರೂರುಗಳಿಂದ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವ ಮಲ್ಲಯ್ಯನ ಭಕ್ತರು ನಲ್ಲಮಲ ಕಾಡನ್ನು ಹೊಕ್ಕು ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಲನು ದಾಟಿ ಕೈಲಾಸ ದ್ವಾರಕ್ಕೆ ಹತ್ತುತ್ತಾರೆ. ಪೆದ್ದಚೆರುವು ಎಂದರೆ ಕಾಡಿನ ನಡುವಿನ ದೊಡ್ಡ ಕೆರೆ. ಆ ಹೊತ್ತಿಗೆ ಎಲೆ ಉದುರಿಸಿದ ಮರಗಳು ನೆರಳು ಕೊಡುವುದಿಲ್ಲ, ನೆಲದ ಮೇಲೆ ಒಣ ತರಗು ಹಾಸಿರುತ್ತದೆ. ಇಪ್ಪೆ ಹೂ ಬಿಡುವ ಕಾಲವೂ ಅದೇ. ಸಿಹಿ ಹೂವಿಗೆ ರಾತ್ರಿ ಕರಡಿ ಬರುತ್ತದೆ, ಹಾಗಾಗಿ ಹೂ ಉದುರಿದ ಇಪ್ಪೆಯ ಬುಡ ಮಲಗುವ ಜಾಗವಲ್ಲ. ಒಲೆ ಹೂಡುವುದಿದ್ದರೆ ಸುತ್ತ ಹತ್ತಡಿ ತರಗು ಗುಡಿಸಿ ಬರಿ ಮಣ್ಣು ಕಾಣುವಂತೆ ಮಾಡಬೇಕು. ಹೊರಡುವಾಗ ಬೂದಿಗೆ ನೀರು ಹುಯ್ದು, ಕೆದಕಿ, ಮತ್ತೆ ನೀರು ಹುಯ್ದು, ಅಂಗೈ ಇಟ್ಟು ನೋಡಬೇಕು. ಅಂಗೈಗೆ ಕಾವು ತಾಗಿದರೆ ಇನ್ನೂ ಒಂದು ಕೊಡ ನೀರು ಬೇಕು. ಕೆರೆಯ ನೀರನ್ನು ಕುದಿಸದೆ ಕುಡಿಯಬಾರದು. ಕುದಿ ಬಂದ ಮೇಲೆ ಒಂದು ನಿಮಿಷ ಉರಿ ಇದ್ದರೆ ಸಾಕು. ಬಹಿರ್ದೆಸೆಗೆ ನೀರಿನಿಂದ ಎಪ್ಪತ್ತು ಹೆಜ್ಜೆಯಾದರೂ ಆಚೆ ಹೋಗಬೇಕು. ಹಿಂದೆ ಬರುವ ಸಾವಿರಾರು ಜನ ಅದೇ ನೀರನ್ನು ಎತ್ತಿಕೊಳ್ಳುತ್ತಾರೆ. ನಾಗಾರ್ಜುನಸಾಗರ ಶ್ರೀಶೈಲ ಹುಲಿ ರಕ್ಷಿತಾರಣ್ಯದ ಪ್ರದೇಶ ಅದು. ಯಾತ್ರೆಯ ದಿನಗಳಲ್ಲಿ ಅರಣ್ಯ ಇಲಾಖೆ ತಂಗಲು ಬಿಟ್ಟ ಜಾಗ ಬಿಟ್ಟು ಬೇರೆಲ್ಲೂ, ಯಾತ್ರೆ ಇಲ್ಲದ ದಿನಗಳಲ್ಲಿ ಅನುಮತಿ ಇಲ್ಲದೆ ಎಲ್ಲಿಯೂ, ಟೆಂಟು ಹಾಕುವಂತಿಲ್ಲ.