ಹೊಸ ದೇಶ, ಹೊಸ ಶಾಲೆ: ಮಗು ಮೌನವಾದರೆ

ಊರಿನಲ್ಲಿ ಅರಳು ಹುರಿದಂತೆ ಮಾತಾಡುತ್ತಿದ್ದ ಹುಡುಗಿ. ಅಪ್ಪನ ಕೆಲಸದ ನಿಮಿತ್ತ ಅಮೆರಿಕಕ್ಕೆ ಹೋದ ಮೇಲೆ ಶಾಲೆಯಲ್ಲಿ ತುಟಿ ಬಿಚ್ಚುವುದಿಲ್ಲ. ಬೆಳಿಗ್ಗೆ ಹೊಟ್ಟೆನೋವು, ಸಂಜೆ ಊಟದ ಡಬ್ಬಿ ಹಾಗೆಯೇ ವಾಪಸು. ವೈದ್ಯರು ಪರೀಕ್ಷಿಸಿದರೆ ಯಾವ ದೋಷವೂ ಕಾಣದು. ಮೆಕ್ಸಿಕೊ, ವಿಯೆಟ್ನಾಂ, ಕರ್ನಾಟಕ - ಎಲ್ಲಿಂದ ಹೋದವರ ಮನೆಯಲ್ಲೂ ಇಂಥ ಮಗುವನ್ನು ಕಾಣಬಹುದು. ಆಗ ನೆರವಾಗಬೇಕಾದವರು ಶಾಲೆಯ ಆಪ್ತ ಸಲಹೆಗಾರರು.

ದಾಖಲೆಪತ್ರಗಳಿಲ್ಲದೆ ಬಂದ ಮಕ್ಕಳಿಗೂ ಶಾಲೆಯ ಬಾಗಿಲು ಮುಚ್ಚಬಾರದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲಿ ತೀರ್ಪು ನೀಡಿತು. ಆದರೆ ತೀರ್ಪು ಬೆಂಚು ಕೊಡಿಸಬಲ್ಲದು, ಗೆಳೆಯರನ್ನಲ್ಲ.

ಮೌನ ರೋಗವಲ್ಲ

ಹೊಸ ಭಾಷೆಯ ನಡುವೆ ಬಂದ ಮಗು ಕೆಲವು ವಾರ, ಒಮ್ಮೊಮ್ಮೆ ತಿಂಗಳುಗಟ್ಟಲೆ ಬರೀ ಕೇಳಿಸಿಕೊಳ್ಳುತ್ತದೆ. ಇದು ಸಹಜ. ಆಟದ ಬಯಲಿನ ಮಾತು ಸುಮಾರು 2 ವರ್ಷಗಳಲ್ಲಿ ಬರುತ್ತದೆ. ಪಾಠದ ಭಾಷೆಯಲ್ಲಿ ಓರಗೆಯವರ ಸಮಕ್ಕೆ ಬರಲು 5ರಿಂದ 7 ವರ್ಷ ಬೇಕಾಗಬಹುದು ಎನ್ನುತ್ತಾರೆ ಕೆನಡಾದ ಶಿಕ್ಷಣ ತಜ್ಞ ಜಿಮ್ ಕಮಿನ್ಸ್. ಹಾಗಾಗಿ ಅಂಕ ಕಡಿಮೆಯಾದ ಮಾತ್ರಕ್ಕೆ ಮಗು 'ಮಂದಬುದ್ಧಿ' ಎಂಬ ಹಣೆಪಟ್ಟಿ ಬೀಳದಂತೆ ಸಲಹೆಗಾರರು ತಡೆಯಬೇಕು.

ಸಲಹೆಗಾರರು ಮಾಡಬೇಕಾದದ್ದು

* ಮಗುವಿನ ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿಯಬೇಕು.

* ಊಟದ ವೇಳೆ ಜೊತೆಗಿರಲು ಒಬ್ಬ ಸಹಪಾಠಿಯನ್ನು ಗೊತ್ತುಮಾಡಬೇಕು.

* ಮಾತು ಬಾರದಿದ್ದರೆ ಚಿತ್ರ ಬರೆಸಿ ಮನಸ್ಸನ್ನು ಅರಿಯಬೇಕು.

* ತಂದೆತಾಯಿಯರೊಡನೆ ಮಾತಾಡುವಾಗ ಮಗುವನ್ನೇ ದುಭಾಷಿಯಾಗಿ ನಿಲ್ಲಿಸಬಾರದು. ತನ್ನ ಸಂಕಟವನ್ನು ತಾನೇ ತರ್ಜುಮೆ ಮಾಡಬೇಕಾದ ಮಗು ಅದನ್ನು ಮುಚ್ಚಿಡುತ್ತದೆ. ದೊಡ್ಡವರೊಬ್ಬರು ದುಭಾಷಿಯಾಗಲಿ.

ಪೋಷಕರಿಗೊಂದು ಮಾತು

ಒಬ್ಬ ಸಲಹೆಗಾರರಿಗೆ 250 ವಿದ್ಯಾರ್ಥಿಗಳು ಇರಬೇಕೆಂಬುದು ಅಲ್ಲಿನ ಶಾಲಾ ಸಲಹೆಗಾರರ ಸಂಘದ ಶಿಫಾರಸು. ಅನೇಕ ಶಾಲೆಗಳಲ್ಲಿ ಹೊರೆ ಇದಕ್ಕಿಂತ ಹೆಚ್ಚು. ಆದ್ದರಿಂದ ಕರೆ ಬರಲೆಂದು ಕಾಯದೆ ನೀವೇ ಹೋಗಿ ಭೇಟಿಯಾಗಿ. ಇಂಗ್ಲಿಷ್ ಬೇಗ ಬರಲೆಂದು ಮನೆಯಲ್ಲಿ ಕನ್ನಡ ನಿಲ್ಲಿಸಬೇಡಿ. ಮಗು ಮನಸ್ಸು ಬಿಚ್ಚುವುದು ಆ ಭಾಷೆಯಲ್ಲೇ.

ಮನೆಯಲ್ಲೂ ಮಾತು ನಿಂತರೆ, ನಿದ್ದೆ ಕೆಟ್ಟರೆ, ವಾರಗಟ್ಟಲೆ ಊಟ ಸೇರದಿದ್ದರೆ ವೈದ್ಯರಿಗೆ ತೋರಿಸಿ. ಸಾಯುವ ಮಾತಾಡಿದರಂತೂ ಒಂದು ದಿನವೂ ತಡಮಾಡಬೇಡಿ.

ಮಕ್ಕಳು, ಮೊಮ್ಮಕ್ಕಳು ಅಲ್ಲಿರುವ ಹಿರಿಯರೂ ನೆರವಾಗಬಹುದು. ಫೋನಿನಲ್ಲಿ "ಇಂಗ್ಲಿಷ್ ಬಂತಾ?" ಎನ್ನುವ ಬದಲು "ಇವತ್ತು ಯಾರ ಜೊತೆ ಊಟ ಮಾಡಿದೆ?" ಎಂದು ಕೇಳಿ.