ಬ್ರೆಜಿಲಿನ ಊಟದಲ್ಲಿ ಕಂಡ ನಮ್ಮ ಊರು

ಮಗಳ ಸಂಸಾರವು ಉದ್ಯೋಗನಿಮಿತ್ತ ಬ್ರೆಜಿಲಿನ ಸಾವೊ ಪಾಲೊ ನಗರದಲ್ಲಿದ್ದಾಗ ನಾನೂ ಐದು ತಿಂಗಳು ಅಲ್ಲಿ ವಾಸವಾಗಿದ್ದೆ. ಪರನಾಡಿನಲ್ಲಿ ಕೆಲಕಾಲ ಇರಬೇಕಾದವನಿಗೆ ಅಲ್ಲಿಯ ಊಟದ ಕ್ರಮವೇ ಮೊದಲ ಪಾಠ. ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳಲ್ಲಿ ಅನೇಕರು ಹೊರನಾಡುಗಳಲ್ಲಿರುವುದರಿಂದ ಆ ಪಾಠವನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ.

ಕಾಸರಗೋಡಿನವರಾದ ನಮಗೆ ಆ ದೇಶವು ತೀರ ಅಪರಿಚಿತವಲ್ಲ. 1500ನೆಯ ಇಸವಿಯ ಏಪ್ರಿಲಿನಲ್ಲಿ ಬ್ರೆಜಿಲಿನ ತೀರವನ್ನು ಮುಟ್ಟಿದ ಪೋರ್ಚುಗೀಸ್ ನಾವಿಕ ಕಬ್ರಾಲನು ಅದೇ ಯಾನದಲ್ಲಿ ಸೆಪ್ಟೆಂಬರಿನಲ್ಲಿ ಕಲ್ಲಿಕೋಟೆಗೆ ಬಂದನು. ಅನಂತರದ ಕಾಲದಲ್ಲಿ ಗೇರು, ಮರಗೆಣಸು, ಅನಾನಸುಗಳು ಆ ಕಡೆಯಿಂದ ಈ ಕಡೆಗೂ, ಹಲಸು, ಮಾವುಗಳು ಇಲ್ಲಿಂದ ಅಲ್ಲಿಗೂ ಸಾಗಿದವು.

ಅಲ್ಲಿಯ ನಿತ್ಯದ ಮಧ್ಯಾಹ್ನದ ಊಟ ಅನ್ನ ಮತ್ತು ಬೇಯಿಸಿದ ಬೀನ್ಸ್ ಕಾಳು. ಮೇಲೆ ಉದುರಿಸಿಕೊಳ್ಳಲು ಬೆಣ್ಣೆಯಲ್ಲಿ ಹುರಿದ ಮರಗೆಣಸಿನ ಹಿಟ್ಟು. ಅದಕ್ಕೆ 'ಫರೋಫಾ' ಎಂದು ಹೆಸರು. ಊಟವನ್ನು ತೂಗಿ ಹಣ ಪಡೆಯುವ ಹೋಟೆಲುಗಳು ಎಲ್ಲೆಡೆ ಇವೆ. ಬೇಕಾದುದನ್ನು ಕಣ್ಣಾರೆ ನೋಡಿ ಬಡಿಸಿಕೊಳ್ಳಬಹುದಾದ್ದರಿಂದ ಭಾಷೆ ಬಾರದವನಿಗೆ ಅವು ಬಹಳ ಅನುಕೂಲ. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಕಾಳಿಗೆ ಹಂದಿಮಾಂಸದ ಚೂರು ಸೇರಿಸುವ ವಾಡಿಕೆಯುಂಟು. 'ಮಾಂಸ ಬೇಡ' ಎಂದರೆ ಕೆಲವರು ದನದ ಮಾಂಸ ಬೇಡವೆಂದಷ್ಟೇ ತಿಳಿಯುತ್ತಾರೆ, ಬಿಡಿಸಿ ಕೇಳಬೇಕು.

ಮರಗೆಣಸಿನ ಕಹಿ ಜಾತಿಯಲ್ಲಿ ವಿಷಾಂಶವಿದೆ. ಅಲ್ಲಿಯ ಮೂಲನಿವಾಸಿಗಳು ಗೆಡ್ಡೆಯನ್ನು ತುರಿದು, 'ತಿಪಿತಿ' ಎಂಬ ಹೆಣೆದ ಉದ್ದನೆಯ ಚೀಲದಲ್ಲಿ ತುಂಬಿ, ಎಳೆದು ರಸ ಹಿಂಡಿ, ಉಳಿದುದನ್ನು ಹುರಿದು ವಿಷವನ್ನು ಕಳೆಯುವ ವಿಧಾನವನ್ನು ಬಹು ಹಿಂದೆಯೇ ಕಂಡುಕೊಂಡಿದ್ದರು. ನಮ್ಮ ತಾಯಂದಿರು ಮರಗೆಣಸು ಬೇಯಿಸಿದ ನೀರನ್ನು ಚೆಲ್ಲುತ್ತಿದ್ದುದೂ ಇದೇ ಕಾರಣಕ್ಕೆ. ಅದರ ಪಿಷ್ಟವನ್ನು ತುಸು ತೇವಗೊಳಿಸಿ ಕಾದ ಕಾವಲಿಯ ಮೇಲೆ ಹರಡಿದರೆ ತಾನೇ ಕೂಡಿಕೊಂಡು ರೊಟ್ಟಿಯಾಗುತ್ತದೆ. ತೆಂಗಿನತುರಿ ತುಂಬಿ ಕೊಟ್ಟ ಆ ರೊಟ್ಟಿಯನ್ನು ತಿಂದಾಗ ನನಗೆ ಮನೆಯ ನೆನಪಾಯಿತು.

ಬ್ರೆಜಿಲಿನ ವಿಸ್ತೀರ್ಣ ಸುಮಾರು 85 ಲಕ್ಷ ಚದರ ಕಿಲೋಮೀಟರು. ಸಾವೊ ಪಾಲೊದಿಂದ ಸಾಲ್ವದೋರಿಗೆ ರಸ್ತೆಯಲ್ಲಿ ಸುಮಾರು 2,000 ಕಿಲೋಮೀಟರು. ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಸಾಲದು. 1549ರಿಂದ 1763ರವರೆಗೆ ರಾಜಧಾನಿಯಾಗಿದ್ದ ಆ ನಗರದಲ್ಲಿ ಬಿಳಿಯುಡುಗೆಯ ಹೆಂಗಸರು ಬೀದಿಬದಿಯಲ್ಲಿ ಅಲಸಂಡೆಯ ಹಿಟ್ಟನ್ನು ತಾಳೆಯ ಕೆಂಪೆಣ್ಣೆಯಲ್ಲಿ ಕರಿಯುತ್ತಾರೆ. ನೋಟಕ್ಕೆ ನಮ್ಮ ವಡೆಯೇ. 'ಅಕರಜೆ' ಎಂಬ ಈ ತಿಂಡಿಯನ್ನು ತಂದವರು ಆಫ್ರಿಕದಿಂದ ಗುಲಾಮರಾಗಿ ಬಂದವರು. ಅಲ್ಲಿ ಗುಲಾಮಗಿರಿ ರದ್ದಾದುದು 1888ರಲ್ಲಿ. ಸರ್ವಸ್ವವನ್ನೂ ಕಳೆದುಕೊಂಡ ಆ ಜನರು ತಮ್ಮ ಅಡುಗೆಯನ್ನು ಉಳಿಸಿಕೊಂಡರು.

ಗೇರಿನ ಬೀಜವನ್ನು ತೆಗೆದು ಹಣ್ಣನ್ನು ತೋಟದಲ್ಲೇ ಕೊಳೆಯಬಿಡುವುದು ನಮ್ಮಲ್ಲಿ ಸಾಮಾನ್ಯ. ಅಲ್ಲಿ ಹಣ್ಣಿನ ರಸಕ್ಕೂ ಬೆಲೆಯುಂಟು. ನತಾಲ್ ನಗರದ ಸಮೀಪ ಪಿರಂಗಿ ಎಂಬಲ್ಲಿ, ಬಾಗಿದ ಕೊಂಬೆಗಳೇ ನೆಲದಲ್ಲಿ ಬೇರೂರಿ ಸುಮಾರು ಎರಡು ಎಕರೆ ಹಬ್ಬಿರುವ ಒಂದೇ ಗೇರುಮರವಿದೆ.

ಹೆಸರುಗಳ ವಿಚಾರ ಇನ್ನೂ ಸ್ವಾರಸ್ಯವಾದುದು. ಅಲ್ಲಿ ಹಲಸಿಗೆ 'ಜಾಕ', ಮಾವಿಗೆ 'ಮಾಂಗ'. ಎರಡೂ ನಮ್ಮ ನೆರೆಯ ಮಲಯಾಳದ ಚಕ್ಕ, ಮಾಂಙಗಳೇ. ಅಲ್ಲಿಯ ಮೂಲನಿವಾಸಿಗಳ ಮಾತಿನಿಂದ ಬಂದ 'ಅನಾನಸು' ನಮ್ಮಲ್ಲಿ ಉಳಿದಿದೆ. ಬ್ರೆಜಿಲಿನ ಸಂತೆಯಲ್ಲಿ ಕೇಳಿದರೆ ಅದು 'ಅಬಕಶಿ'. ಸಾಗರ ದಾಟಿದ ಹೆಸರು ಐನೂರು ವರ್ಷ ಬದುಕಿದ್ದು ಜನರು ಅದನ್ನು ದಿನವೂ ಆಡಿದ್ದರಿಂದ.

ನಮ್ಮ ಮೊಮ್ಮಕ್ಕಳ ಬಾಯಲ್ಲಾದರೋ ಮನೆಯಂಗಳದ ಹಲಸು 'ಜಾಕ್‌ಫ್ರೂಟ್' ಆಗುತ್ತಿದೆ, ಗೇರು 'ಕ್ಯಾಶ್ಯೂ' ಆಗುತ್ತಿದೆ. ಪ್ರಿಯ ಹಳೆ ವಿದ್ಯಾರ್ಥಿಗಳೇ, ನೀವಿರುವ ನಾಡಿನ ಊಟವನ್ನು ಸಂಕೋಚವಿಲ್ಲದೆ ಉಣ್ಣಿರಿ, ಅಲ್ಲಿಯ ಮಾತನ್ನೂ ಕಲಿಯಿರಿ. ಆದರೆ ಮಕ್ಕಳಿಗೆ ಬಡಿಸುವಾಗ ಕನ್ನಡದ ಹೆಸರು ಹೇಳಿ ಬಡಿಸಿರಿ. ಈ ಶಾಲೆ ಐವತ್ತು ವರ್ಷಗಳಿಂದ ಮಾಡುತ್ತ ಬಂದ ಕೆಲಸದಲ್ಲಿ ಅಷ್ಟಾದರೂ ನಿಮ್ಮ ಪಾಲಿರಲಿ.